ಹಳದಿ ಚೀಟಿಯ ‘ಕಾರಣ’ ಕಾಲಂ

ನಾನು ಕೆಲಸ ಮಾಡಿದ ಅಂಗಡಿಯನ್ನು ಈಗ ನಡೆಸುತ್ತಿರುವವಳು ಹಳೆಯ ಮಾಲೀಕರಾದ ಮೂರ್ತಿ ಸಾರ್ ಅವರ ಮಗಳು. ಹೋದ ವಾರ ಮನೆಗೆ ಬಂದವಳೇ, “ಜಯಂತಿ ಆಂಟಿ, ಹೊಸದಾಗಿ ನಾಲ್ಕು ಜನ ಸೇರ್ಕೊಂಡಿದಾರೆ. ಮನೆಗಳಿಗೆ ಹೋಗಿ ಕಂಪ್ಯೂಟರ್ ರಿಪೇರಿ ಮಾಡೋದರ ಬಗ್ಗೆ ಅವರಿಗೆ ಏನಾದ್ರೂ ಬರ್ಕೊಡಿ” ಎಂದಳು.

“ಎಲ್ಲಾ ಫೋನಲ್ಲೇ ಸಿಗತ್ತಲ್ಲೇ, ನನ್ನ ತಲೆ ಯಾಕೆ ತಿಂತೀಯ?” ಎಂದೆ.

“ಯಾವ ಬಟನ್ ಒತ್ಬೇಕು ಅನ್ನೋದು ಫೋನಲ್ಲಿ ಸಿಗತ್ತೆ ಆಂಟಿ. ಸೋಫಾ ಮೇಲೆ ಕೂತ್ಕೊಂಡು ನಮ್ಮನ್ನೇ ನೋಡ್ತಿರೋ ಮನೆಯವರ ಹತ್ರ ಏನು ಮಾತಾಡ್ಬೇಕು ಅನ್ನೋದು ಸಿಗಲ್ಲ.”

ಹುಡುಗಿ ಅಪ್ಪನಿಗಿಂತ ಜಾಣೆ. ಅದಕ್ಕೇ ಬರೆಯಲು ಕೂತಿದ್ದೇನೆ.

ರಾಜಾಜಿನಗರದಿಂದ ಕೆಂಗೇರಿಯವರೆಗೆ ನಾನು ಹತ್ತದ ಮೆಟ್ಟಿಲಿಲ್ಲ. ಸ್ಕೂಟರಿನ ಮುಂದೆ ಒಂದು ಬ್ಯಾಗು. ಅದರಲ್ಲಿ ಸ್ಕ್ರೂಡ್ರೈವರ್, ಧೂಳು ಹೊಡೆಯುವ ಬ್ರಷ್, ಸಿಡಿಗಳ ಪೌಚು, ಆಮೇಲಿನ ಕಾಲದಲ್ಲಿ ಪೆನ್‌ಡ್ರೈವ್, ಜೊತೆಗೆ ಯಾವಾಗಲೂ ಒಂದು ಡಬ್ಬಿ ಚಿತ್ರಾನ್ನ. ಯಾವ ವರ್ಷ ಸೀನಿಯರ್ ಆದೆ, ಯಾವಾಗ ಸಂಬಳ ಏರಿತು ಅನ್ನುವುದೆಲ್ಲ ನಿಮಗೆ ಬೇಡ. ನನಗೂ ಸರಿಯಾಗಿ ನೆನಪಿಲ್ಲ. ನೆನಪಿರುವುದು ಮನೆಗಳು, ಆ ಮನೆಗಳ ಜನ, ಮತ್ತೆ ನಾನು ಮಾಡಿದ ಒಂದು ದೊಡ್ಡ ಎಡವಟ್ಟು. ಅದನ್ನು ಕೊನೆಯಲ್ಲಿ ಹೇಳುತ್ತೇನೆ, ಮೊದಲೇ ಹೇಳಿದರೆ ನನ್ನ ಮೇಲಿನ ಗೌರವ ಹೊರಟುಹೋದೀತು.

ಶುರುವಿನ ದಿನಗಳಲ್ಲಿ ಬಾಗಿಲು ತೆಗೆದವರೆಲ್ಲ ನನ್ನ ಹೆಗಲಾಚೆ ಇಣುಕಿ ನೋಡುತ್ತಿದ್ದರು. “ಇಂಜಿನಿಯರ್ ಎಲ್ಲಮ್ಮ? ಗಾಡಿ ಪಾರ್ಕ್ ಮಾಡ್ತಿದಾರಾ?” ಸೀರೆ ಉಟ್ಟ ಹೆಂಗಸು ಕಂಪ್ಯೂಟರ್ ಬಿಚ್ಚುತ್ತಾಳೆ ಅಂತ ಯಾರ ತಲೆಗೂ ಹೊಳೆಯುತ್ತಿರಲಿಲ್ಲ. ರಾಜಾಜಿನಗರದ ಒಬ್ಬ ಅಜ್ಜಿಯಂತೂ ನನ್ನನ್ನು ಅಡುಗೆ ಕೆಲಸ ಕೇಳಿಕೊಂಡು ಬಂದವಳು ಅಂದುಕೊಂಡು ಸೀದಾ ಒಳಗೆ ಕರೆದುಕೊಂಡು ಹೋಗಿ ಸ್ಟೌ ತೋರಿಸಿದರು. “ಸಾರಿಗೆ ಬೆಲ್ಲ ಹಾಕ್ತೀಯೇನಮ್ಮ?” ಎಂದರು. “ಚೂರೇ ಚೂರು ಹಾಕ್ತೀನಿ ಅಮ್ಮ, ಕಂಪ್ಯೂಟರ್ ಎಲ್ಲಿದೆ?” ಎಂದೆ. ಅಜ್ಜಿ ನಕ್ಕೂ ನಕ್ಕೂ ಸುಸ್ತಾದರು. ಆಮೇಲೆ ಆ ಮನೆಯಲ್ಲಿ ಏನೇ ಕೆಟ್ಟರೂ, ಫ್ಯಾನ್ ಕೆಟ್ಟರೂ, ನನಗೇ ಫೋನು.

ನಮಗೆ ಬರುತ್ತಿದ್ದ ಕರೆಗಳಲ್ಲಿ ನಿಜವಾಗಿ ಕೆಟ್ಟುಹೋದ ಕಂಪ್ಯೂಟರ್‌ಗಳು ಕಮ್ಮಿ. ಜಾಸ್ತಿ ಇದ್ದದ್ದು ಕರೆಯದೇ ಬಂದು ವಕ್ಕರಿಸುವ ಸಂದೇಶಗಳ ಗೋಳು, ಪಾಪ್‌ಅಪ್ ಕಾಟ. ಹಿಂದೆಲ್ಲ ಅವು ಕಿಟಕಿ ಕಿಟಕಿಯಾಗಿ ತೆರೆದುಕೊಳ್ಳುತ್ತಿದ್ದವು. ಒಂದನ್ನು ಮುಚ್ಚಿದರೆ ಮೂರು. ವಿಜಯನಗರದ ಮಾರ್ಕೆಟ್ ಹತ್ತಿರದ ಒಂದು ಮನೆಯಲ್ಲಿ ‘ಅಭಿನಂದನೆ, ನೀವೇ ಗೆದ್ದವರು’ ಅಂತ ಮಿಣಮಿಣ ಮಿನುಗುವ ಸಂದೇಶ ಬಂತು. ಮನೆಯ ಯಜಮಾನರು ಸಂಭ್ರಮದಲ್ಲಿ ಬೀದಿಗೆಲ್ಲ ಪೇಡ ಹಂಚಿಬಿಟ್ಟರು. ಬಹುಮಾನ ಎಲ್ಲಿಗೆ ಹೋಗಿ ತರಬೇಕು ಅಂತ ಕೇಳಲು ನನ್ನನ್ನು ಕರೆಸಿದ್ದರು. ಸಂಗತಿ ಹೇಳಿದೆ. ಪಾಪ, ಅವರ ಮುಖ ನೋಡಲಾಗಲಿಲ್ಲ. ಅವರ ಹೆಂಡತಿ ಮಾತ್ರ, “ಹೋಗ್ಲಿ ಬಿಡ್ರೀ, ನಮ್ಮ ಬೀದಿಯವ್ರು ನಮ್ಮನ್ನ ನೋಡಿ ನಗಾಡಿ ಎಷ್ಟು ದಿನ ಆಗಿತ್ತು” ಎಂದು ಉಳಿದ ಎರಡು ಪೇಡ ನನ್ನ ಕೈಗೆ ಹಾಕಿದರು.

ಮೂರ್ತಿ ಸಾರ್ ಬಗ್ಗೆ ಎರಡು ಮಾತು ಹೇಳಲೇಬೇಕು. ಒಳ್ಳೆಯ ಮನುಷ್ಯ, ಆದರೆ ಎಲ್ಲ ರೋಗಕ್ಕೂ ಅವರ ಹತ್ತಿರ ಇದ್ದದ್ದು ಒಂದೇ ಔಷಧಿ, ಫಾರ್ಮ್ಯಾಟ್. ಕಂಪ್ಯೂಟರಿನಲ್ಲಿ ಇರುವುದನ್ನೆಲ್ಲ ಅಳಿಸಿ ಹೊಸದಾಗಿ ಹಾಕುವುದು. ಮೌಸ್ ಓಡುತ್ತಿಲ್ಲವೇ? ಫಾರ್ಮ್ಯಾಟ್. ಸದ್ದು ಬರುತ್ತಿದೆಯೇ? ಫಾರ್ಮ್ಯಾಟ್. ಒಂದು ಸಲ ಮನೆಯವರು ಪ್ಲಗ್ ಹಾಕದೇ ಫೋನ್ ಮಾಡಿದ್ದಕ್ಕೂ, “ಯಾವುದಕ್ಕೂ ಫಾರ್ಮ್ಯಾಟ್ ಸಿಡಿ ಹಿಡ್ಕೊಂಡು ಹೋಗಮ್ಮ” ಎಂದಿದ್ದರು.

ಅವರ ಇನ್ನೊಂದು ಕಟ್ಟಪ್ಪಣೆ ಜಾಬ್ ಶೀಟಿನದು. ಕೆಲಸ ಮುಗಿದ ಮೇಲೆ ನಾವು ಕಾರ್ಬನ್ ಇಟ್ಟು ಒಂದು ಚೀಟಿ ಬರೆಯಬೇಕಿತ್ತು. ಬಿಳಿ ಪ್ರತಿ ಅಂಗಡಿಗೆ, ಹಳದಿ ಪ್ರತಿ ಗಿರಾಕಿಗೆ. ಅದರಲ್ಲಿ ‘ತೊಂದರೆ’, ‘ಕಾರಣ’, ‘ಮಾಡಿದ ಕೆಲಸ’ ಅಂತ ಮೂರು ಕಾಲಂ. “ಕಾರಣದ ಕಾಲಂ ಮಾತ್ರ ಯಾವತ್ತೂ ಖಾಲಿ ಬಿಡ್ಬೇಡ ಜಯಂತಿ. ಇವರಿಗೇ ಏನೂ ಗೊತ್ತಿಲ್ಲ ಅಂತ ಗಿರಾಕಿ ಅಂದ್ಕೊಂಡ್ರೆ ಅಂಗಡಿ ಹೆಸರು ಹೋಯ್ತು. ಏನಾದ್ರೂ ಬರಿ” ಎನ್ನುತ್ತಿದ್ದರು. ನಾವೂ ಬರೆಯುತ್ತಿದ್ದೆವು. ಗೊತ್ತಿದ್ದರೆ ಗೊತ್ತಿದ್ದದ್ದು, ಇಲ್ಲದಿದ್ದರೆ ‘ವೈರಸ್’. ವೈರಸ್ ಎಂದು ಬರೆದರೆ ಯಾರಿಗೂ ಬೇಜಾರಿರಲಿಲ್ಲ.

ಈಗ ಆ ಎಡವಟ್ಟಿನ ಕಥೆ.

ಬಸವೇಶ್ವರನಗರದಲ್ಲಿ ಶಿವಣ್ಣ ಮೇಷ್ಟ್ರು ಅಂತ ಇದ್ದರು. ಹೈಸ್ಕೂಲಿನ ಹೆಡ್‌ಮಾಸ್ಟರಾಗಿ ನಿವೃತ್ತರಾದವರು, ಗಣಿತದ ಮೇಷ್ಟ್ರು. ಮನೆಯ ಕಾರ್ ಶೆಡ್ಡಿನಲ್ಲಿ ಕಾರಿರಲಿಲ್ಲ, ಒಂದು ಕರಿಹಲಗೆ ಇತ್ತು. ಬೆಳಗ್ಗೆ ಆರೂವರೆಗೆ ಸುತ್ತಮುತ್ತಲಿನ ಹತ್ತನೇ ಕ್ಲಾಸಿನ ಮಕ್ಕಳಿಗೆ ಅಲ್ಲಿ ಗಣಿತ ಹೇಳಿಕೊಡುತ್ತಿದ್ದರು, ಪುಕ್ಕಟೆಯಾಗಿ. ವಾರಕ್ಕೊಂದು ಪ್ರಶ್ನೆಪತ್ರಿಕೆಯನ್ನು ತಾವೇ ಟೈಪ್ ಮಾಡಿ, ಪ್ರಿಂಟ್ ತೆಗೆದು ಕೊಡುತ್ತಿದ್ದರು. ಕಂಪ್ಯೂಟರ್ ಹಾಲಿನಲ್ಲಿ ಟಿವಿ ಪಕ್ಕ, ಕಸೂತಿ ಹಾಕಿದ ಬಟ್ಟೆ ಹೊದ್ದುಕೊಂಡು ಕೂತಿರುತ್ತಿತ್ತು. ಮನೆಯಲ್ಲಿ ಅವರ ಹೆಂಡತಿ ಗಿರಿಜಮ್ಮ, ಮಗ ಮಂಜುನಾಥ, ಬ್ಯಾಂಕಿನಲ್ಲಿ ಕೆಲಸ ಮಾಡುವ ಸೊಸೆ ಸವಿತಾ. ಅಚ್ಚುಕಟ್ಟಾದ ಸಂಸಾರ.

ಮೊದಲ ಸಲ ಕರೆದದ್ದು ಮಂಜುನಾಥ. ಹೋಗಿ ನೋಡಿದರೆ ಪರದೆಯ ಬಲಗಡೆ ಕೆಳಮೂಲೆಯಿಂದ ಒಂದು ಪುಟ್ಟ ಚೌಕ ಮೇಲೆದ್ದು ಬರುತ್ತಿತ್ತು. ಅರೆಬರೆ ಬಟ್ಟೆಯ ಒಬ್ಬ ಹುಡುಗಿಯ ಫೋಟೋ, ಪಕ್ಕದಲ್ಲಿ ‘ನಿಮ್ಮ ಜೊತೆ ಮಾತಾಡಲು ಕಾಯುತ್ತಿದ್ದೇನೆ’ ಎಂಬರ್ಥದ ಇಂಗ್ಲಿಷ್ ಸಾಲು. ಅದು ಹೋದರೆ ‘ನಿಮ್ಮ ಕಂಪ್ಯೂಟರಿಗೆ ಐದು ವೈರಸ್ ತಗುಲಿದೆ’ ಅಂತ ಇನ್ನೊಂದು. ಮತ್ತೆ ಹುಡುಗಿ. ಮೇಷ್ಟ್ರು ಕೋನ, ತ್ರಿಭುಜ ಟೈಪ್ ಮಾಡುತ್ತಿದ್ದಾಗಲೂ ಅವಳು ಹಾಜರು.

“ಇದನ್ನ ಜಾಸ್ತಿ ಯಾರು ಯೂಸ್ ಮಾಡೋದು ಸಾರ್?” ಎಂದು ಕೇಳಿದೆ.

“ನಾನೇ, ಮತ್ಯಾರು?” ಎಂದರು ಮೇಷ್ಟ್ರು, ಹೆಮ್ಮೆಯಿಂದ. “ಮಗ ಸೊಸೆಗೆ ಅವರವರ ಲ್ಯಾಪ್‌ಟಾಪ್ ಇದೆ.”

ಕಾಫಿ ತಂದಿಟ್ಟ ಗಿರಿಜಮ್ಮ, “ನಾನು ಇದನ್ನ ಮುಟ್ಟೋದೇ ಇಲ್ಲಮ್ಮ. ಬೆಳಗ್ಗೆ ಎದ್ದು ಪಂಚಾಂಗ ನೋಡ್ತೀನಿ ಅಷ್ಟೇ. ಗೋಡೆ ಮೇಲಿನ ಕ್ಯಾಲೆಂಡರ್ ಅಕ್ಷರ ಕಾಣ್ಸಲ್ಲ ನೋಡಿ, ಇದರಲ್ಲಿ ದೊಡ್ಡದಾಗಿ ಬರತ್ತೆ. ಸವಿತಾನೇ ಹೇಳ್ಕೊಟ್ಟಿದ್ದು” ಎಂದರು. ನಾನು ಕಾಫಿ ಚೆನ್ನಾಗಿದೆ ಅಂದೆ. ಆ ಮಾತನ್ನು ಕಿವಿಗೆ ಹಾಕಿಕೊಂಡಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ.

ವೈರಸ್ ಹುಡುಕಿದೆ, ಏನೂ ಸಿಗಲಿಲ್ಲ. ಮೂರ್ತಿ ಸಾರ್ ಪದ್ಧತಿಯಂತೆ ಮೇಷ್ಟ್ರ ಪ್ರಶ್ನೆಪತ್ರಿಕೆಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಕೊಂಡು ಫಾರ್ಮ್ಯಾಟ್ ಮಾಡಿದೆ. ಪತ್ರಿಕೆಗಳನ್ನು ವಾಪಸ್ ತುಂಬಿ, ಕಾರಣದ ಕಾಲಮಿನಲ್ಲಿ ‘ವೈರಸ್’ ಎಂದು ಬರೆದು ಎದ್ದುಬಂದೆ. ಕಂಪ್ಯೂಟರ್ ಲಕಲಕ ಅನ್ನುತ್ತಿತ್ತು.

ಹತ್ತು ದಿನಕ್ಕೆ ಮತ್ತೆ ಫೋನು. ಆ ಹುಡುಗಿ ವಾಪಸ್ ಬಂದಿದ್ದಾಳೆ, ಜೊತೆಗೆ ಇನ್ನೊಬ್ಬಳನ್ನು ಕರೆತಂದಿದ್ದಾಳೆ.

ಈ ಸಲ ಹಾಲಿನಲ್ಲಿ ಮನೆಯವರೆಲ್ಲ ಇದ್ದರು. ನಾನೂ ತಬ್ಬಿಬ್ಬಾಗಿದ್ದೆ. ಹೊಸದಾಗಿ ಹಾಕಿದ ಕಂಪ್ಯೂಟರಿನಲ್ಲಿ ಇನ್ನು ವೈರಸ್ ಅನ್ನುವ ಹಾಗಿಲ್ಲ. ಗೊತ್ತಿಲ್ಲ ಅನ್ನುವುದಕ್ಕೆ ನಾಲಿಗೆ ಹೊರಳಲಿಲ್ಲ. ನಮ್ಮ ಕೆಲಸದಲ್ಲಿ ಎಲ್ಲರ ಬಾಯಲ್ಲೂ ಓಡಾಡುತ್ತಿದ್ದ ಒಂದು ಸಿದ್ಧ ಉತ್ತರ ಇತ್ತು. ಅದನ್ನೇ ಒದರಿಬಿಟ್ಟೆ.

“ಇಂಥ ಮೆಸೇಜ್ ಸುಮ್ಸುಮ್ನೆ ಬರಲ್ಲ. ಯಾರಾದ್ರೂ ಅಂಥ ಸೈಟ್ ನೋಡಿದ್ರೇನೇ ಬರೋದು.”

ಸವಿತಾ ಅಡುಗೆಮನೆಗೆ ಎದ್ದು ಹೋದಳು. ಮಂಜುನಾಥ ಫೋನ್ ನೋಡತೊಡಗಿದ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ನಾನು ಪೆದ್ದಿ, ಚೀಟಿ ಬರೆಯುತ್ತಿದ್ದೆ. ಕಾರಣ: ‘ಬಳಕೆದಾರರು ನೋಡುವ ತಾಣಗಳು’. ಸಹಿ ಮಾಡಿ, ಹಳದಿ ಪ್ರತಿ ಹರಿದು, ಮೇಷ್ಟ್ರ ಕೈಗೇ ಕೊಟ್ಟೆ. ಅವರು ಅದನ್ನು ಎರಡು ಸಲ ಓದಿ ಮಡಚಿ ಜೇಬಿನಲ್ಲಿಟ್ಟುಕೊಂಡರು. “ಥ್ಯಾಂಕ್ಸ್ ಅಮ್ಮ” ಎಂದರು.

ಎರಡು ವಾರ ಬಿಟ್ಟು ಮಂಜುನಾಥ ಅಂಗಡಿಗೆ ಫೋನ್ ಮಾಡಿ ನನ್ನನ್ನು ಕೇಳಿದ. “ಮೇಡಂ, ನೀವು ಬರೆದಿದ್ದು ಗ್ಯಾರಂಟಿನಾ?”

“ಯಾಕ್ರೀ?”

“ಅಪ್ಪ ಕಂಪ್ಯೂಟರ್ ಮುಟ್ತಾ ಇಲ್ಲ. ಸವಿತಾ ಅದಕ್ಕೆ ಪಾಸ್‌ವರ್ಡ್ ಹಾಕಿದಾಳೆ, ಯಾಕೆ ಅಂತ ಅವರೂ ಕೇಳ್ಲಿಲ್ಲ, ಇವಳೂ ಹೇಳ್ಲಿಲ್ಲ. ಅಮ್ಮಂಗೆ ಪಂಚಾಂಗ ಮಾತ್ರ ದಿನಾ ಹಾಕ್ಕೊಡ್ತಾಳೆ. ಟ್ಯೂಷನ್ನೂ ನಿಲ್ಲಿಸಿಬಿಟ್ರು ಮೇಡಂ. ‘ಹೆಣ್ಣುಮಕ್ಕಳು ಬರೋ ಜಾಗ, ನನ್ನ ಮೇಲೆ ಒಂದು ಮಾತು ಬಂದ್ಮೇಲೆ ಮುಗೀತು’ ಅಂತಾರೆ. ಹುಡುಗರ ಎಕ್ಸಾಂಗೆ ಇನ್ನು ಒಂದೂವರೆ ತಿಂಗಳೂ ಇಲ್ಲ. ಅದಕ್ಕೇ ಕೇಳ್ತಿದೀನಿ, ಬೇರೆ ಏನಾದ್ರೂ ಕಾರಣ ಇರಬಹುದಾ?”

ಆಗಲಾದರೂ ‘ಇರಬಹುದು, ಬಂದು ನೋಡುತ್ತೇನೆ’ ಅನ್ನಬೇಕಿತ್ತು. ಮೂರ್ತಿ ಸಾರ್ ಎದುರಿಗೇ ಕೂತಿದ್ದರು. ನನ್ನ ಜಂಬ ಅವರಿಗಿಂತ ಹತ್ತಿರ ಕೂತಿತ್ತು. “ಇನ್ನೇನಿರತ್ತೆ ಮಂಜುನಾಥ್?” ಎಂದುಬಿಟ್ಟೆ. ಅವತ್ತು ಡಬ್ಬಿಯನ್ನು ತೆರೆಯದೆ ಹಾಗೇ ಮನೆಗೆ ವಾಪಸ್ ಒಯ್ದೆ.

ನನ್ನ ಕಣ್ಣು ತೆರೆಸಿದವರು ಹೆಗ್ಗನಹಳ್ಳಿಯ ರಂಗಪ್ಪನವರು. ಅವರ ಹೊಲ ಇದ್ದ ಕಡೆ ಈಗ ಅವರದೇ ನಾಲ್ಕು ಮಹಡಿ ಬಾಡಿಗೆ ಕಟ್ಟಡ. ತಾರಸಿಯ ಮೇಲೆ ಮಾತ್ರ ಆರು ಕುರಿ. ಒಂದು ಬುಧವಾರ ಅವರ ಮನೆಗೆ ಹೋದರೆ, ಪರದೆಯ ಮೂಲೆಯಲ್ಲಿ ಅದೇ ಹುಡುಗಿ! ಬಸವೇಶ್ವರನಗರದಿಂದ ಬಸ್ ಹತ್ತಿ ನನಗಿಂತ ಮುಂಚೆ ಬಂದು ಕೂತಿದ್ದಳು.

ಈ ಮನೆಯಲ್ಲಿ ಸಂಕೋಚ ಗಿಂಕೋಚ ಏನೂ ಇರಲಿಲ್ಲ. “ನೋಡಿ ಮೇಡಂ, ಇವ್ಳು ಯಾರು ಅಂತ ನನ್ನ ಹೆಂಡ್ತಿ ಮೂರು ದಿನದಿಂದ ಕೇಳ್ತಾವ್ಳೆ. ನನಗೂ ಗೊತ್ತಿಲ್ಲ. ನೀವೇ ವಿಚಾರ್ಸಿ ಹೇಳಿ” ಎಂದರು ರಂಗಪ್ಪ. ಅವರ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲಿ ನಿಂತಿದ್ದರು. ನಾನು ಫಾರ್ಮ್ಯಾಟ್ ಅಂದೆ. “ಅದೆಲ್ಲ ಬ್ಯಾಡ. ನನ್ನ ಕುರಿ ಫೋಟೋ ಎಲ್ಲಾ ಇದರಾಗೈತೆ. ಈವಮ್ಮ ಎಲ್ಲಿಂದ ಬತ್ತಾಳೆ, ಅದನ್ನ ತೋರ್ಸಿ. ತೋರಿಸ್ದೆ ನೀವು ಏಳಂಗಿಲ್ಲ.”

ಬಲವಂತಕ್ಕೆ ಕೂತೆ. ಅಷ್ಟೂ ವರ್ಷ ಆ ಚೌಕ ಮೂಡಿದ ತಕ್ಷಣ ಅದನ್ನು ಮುಚ್ಚುವುದೇ ನನ್ನ ಕೆಲಸವಾಗಿತ್ತು. ಅವತ್ತು ಮೊದಲ ಸಲ ಮುಚ್ಚದೆ ನೋಡಿದೆ. ಹುಡುಗಿಯ ಫೋಟೋದ ಪಕ್ಕದಲ್ಲಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, ಕಳುಹಿಸಿದ ತಾಣದ ಹೆಸರಿತ್ತು. ಅದು ಕುರಿ ಸಾಕಾಣಿಕೆಯ ತಾಣ!

“ನಾನು ದಿನಾ ನೋಡೋದೇ ಅದು” ಎಂದರು ರಂಗಪ್ಪ. “ಒಂದಿನ ಏನೋ ಕೇಳ್ತು. ಹೂಂ ಅಂದೆ. ಕುರಿ ವಿಷ್ಯ ಅಲ್ವಾ, ಇಲ್ಲ ಅನ್ನೋಕಾಯ್ತದಾ?”

ಬ್ರೌಸರಿನ ಸೆಟ್ಟಿಂಗ್ಸ್ ಒಳಗೆ, ತಾಣಗಳ ಅನುಮತಿಯಲ್ಲಿ, ನೋಟಿಫಿಕೇಶನ್ ಅನ್ನುವ ಕಡೆಗೆ ಹೋದೆ. ಯಾವ ಯಾವ ತಾಣಕ್ಕೆ ಸಂದೇಶ ಕಳುಹಿಸಲು ‘ಹೂಂ’ ಅಂದಿದ್ದೇವೋ ಅವೆಲ್ಲದರ ಪಟ್ಟಿ ಅಲ್ಲಿದೆ. ವೈರಸ್ಸೂ ಇಲ್ಲ, ಕೆಟ್ಟ ತಾಣವೂ ಇಲ್ಲ. ಮರ್ಯಾದಸ್ಥರ ಹಾಗೆ ಕಾಣುವ ತಾಣಗಳು ಒಮ್ಮೆ ಅನುಮತಿ ಕೇಳುತ್ತವೆ. ಕೊಟ್ಟರೆ ಆಮೇಲೆ ಆ ದಾರಿಯಲ್ಲಿ ಯಾರು ಯಾರದೋ ಜಾಹೀರಾತನ್ನು ಒಳಗೆ ಬಿಡುತ್ತವೆ. ಪಟ್ಟಿಯಲ್ಲಿ ಎರಡೇ ಹೆಸರಿದ್ದವು. ಒಂದು ಕುರಿಯದು. ಇನ್ನೊಂದು ಪಂಚಾಂಗದ ತಾಣ.

“ಇದು ಯಾರು ನೋಡೋದು?” ಎಂದೆ.

“ನಾನೇ ಕಣಮ್ಮ, ರಾಹುಕಾಲಕ್ಕೆ” ಎಂದರು ಬಾಗಿಲಲ್ಲಿದ್ದ ಹೆಂಡತಿ.

ಗಿರಿಜಮ್ಮ ಕಾಫಿ ಕೊಡುತ್ತಾ ಹೇಳಿದ ಮಾತು ಆಗ ನೆನಪಾಯಿತು. ‘ಬೆಳಗ್ಗೆ ಎದ್ದು ಪಂಚಾಂಗ ನೋಡ್ತೀನಿ ಅಷ್ಟೇ.’ ಅಯ್ಯೋ ದೇವರೇ, ನಾನೇನು ಮಾಡಿಬಿಟ್ಟೆ ಅನ್ನಿಸಿತು. ಎರಡೂ ಹೆಸರು ಅಳಿಸಿದೆ. ಇನ್ನು ಮುಂದೆ ಯಾವ ತಾಣವೂ ಕೇಳಲೇಬಾರದು ಅಂತ ಅದೇ ಪುಟದಲ್ಲಿ ಗುರುತು ಹಾಕಿದೆ. ಎರಡು ನಿಮಿಷದ ಕೆಲಸ. ಹುಡುಗಿ ಆಮೇಲೆ ಬರಲಿಲ್ಲ. ರಂಗಪ್ಪ ಹೆಂಡತಿಯ ಕಡೆ ತಿರುಗಿ ಮೀಸೆ ತಿರುವಿದರು.

ಅಂಗಡಿಗೆ ಬಂದು ಮೂರ್ತಿ ಸಾರ್‌ಗೆ ಎಲ್ಲ ಹೇಳಿದೆ. ಅವರು ತಲೆ ಕೆರೆದುಕೊಂಡರು. “ಹೊಸ ವಿಷಯ ಗೊತ್ತಾಯ್ತಲ್ಲ, ಒಳ್ಳೇದಾಯ್ತು. ಆ ಮೇಷ್ಟ್ರ ಮನೆಗೆ ಮಾತ್ರ ಹೋಗಿ ತಪ್ಪೊಪ್ಕೋಬೇಡಮ್ಮ. ಆ ಏರಿಯಾದಲ್ಲಿ ಅಂಗಡಿ ಹೆಸರು ಎಕ್ಕುಟ್ಟೋಗತ್ತೆ.”

“ಅಂಗಡಿ ಹೆಸರು ಸರಿ ಸಾರ್. ಅವರ ಹೆಸರು?”

“ನಿನ್ನಿಷ್ಟ” ಎಂದು ಮುಖ ಊದಿಸಿಕೊಂಡರು.

ಹೀಗೆ ಬರೆದರೆ ನಾನು ಭಾರೀ ಧೈರ್ಯವಂತೆಯ ಹಾಗೆ ಕಾಣಬಹುದು. ಸುಳ್ಳು. ಗುರುವಾರ ಅವರ ರಸ್ತೆಯ ತಿರುವಿನವರೆಗೆ ಹೋಗಿ ವಾಪಸ್ ಬಂದೆ. ಶುಕ್ರವಾರ ಗೇಟಿನವರೆಗೆ ಹೋದೆ. ಶೆಡ್ಡಿನಲ್ಲಿ ಕರಿಹಲಗೆ ಗೋಡೆ ಕಡೆ ಮುಖ ಮಾಡಿಕೊಂಡು ಒರಗಿತ್ತು. ಅದನ್ನು ನೋಡಿ ಓಡಿಬಂದೆ. ಶನಿವಾರ ತಲೆನೋವು ಅಂತ ಮಲಗಿಬಿಟ್ಟೆ. ನಮ್ಮ ಯಜಮಾನರು, “ಹೋಗಿ ಬೈಸ್ಕೊಂಡು ಬಾ ಮಾರಾಯ್ತಿ. ಮನೇಲಿ ನಮ್ಮನ್ನೆಲ್ಲಾ ಬೈಯೋದಾದ್ರೂ ತಪ್ಪತ್ತೆ” ಎಂದರು.

ಭಾನುವಾರ ಬೆಳಗ್ಗೆ ಹೋದೆ. ಬಾಗಿಲು ತೆಗೆದ ಸವಿತಾ, “ನಾವು ಕಂಪ್ಲೇಂಟ್ ಕೊಟ್ಟಿರಲಿಲ್ವಲ್ಲ ಮೇಡಂ” ಎಂದಳು.

“ನನ್ನದೇ ಕಂಪ್ಲೇಂಟ್ ಇದೆ. ಎಲ್ಲರನ್ನೂ ಹಾಲಿಗೆ ಕರೀರಿ. ಹೋದ್ಸಲ ಎಲ್ಲರ ಮುಂದೆ ಮಾತಾಡಿದ್ದೆ, ಇದನ್ನೂ ಎಲ್ಲರ ಮುಂದೇನೇ ಹೇಳ್ಬೇಕು.”

ಮೇಷ್ಟ್ರು ಒಳಗಿನಿಂದ ಬಂದು ದೂರದ ಕುರ್ಚಿಯಲ್ಲಿ ಕೂತರು. ಒಂದೇ ತಿಂಗಳಲ್ಲಿ ಎರಡು ವರ್ಷ ವಯಸ್ಸಾಗಿದ್ದರು. ಸವಿತಾ ಕೀಲಿಮಣೆಗೆ ಅಡ್ಡ ನಿಂತು ಪಾಸ್‌ವರ್ಡ್ ಹಾಕಿದಳು. ನಾನು ಆ ಪಟ್ಟಿ ತೆರೆದೆ. ಒಂದೇ ಹೆಸರಿತ್ತು. ಅಂದುಕೊಂಡ ಹೆಸರೇ. ಅದನ್ನು ಅಳಿಸಿ ಎದ್ದು ನಿಂತೆ.

“ಗಿರಿಜಮ್ಮ, ನೀವು ಕೂತ್ಕೊಳ್ಳಿ. ದಿನಾ ಬೆಳಗ್ಗೆ ಹೇಗೆ ಪಂಚಾಂಗ ನೋಡ್ತೀರೋ ಹಾಗೇ ನೋಡಿ. ಮೊದಲನೇ ದಿನ ನೋಡೋ ಥರ. ಏನು ಬಂದ್ರೂ, ಆಗ ಏನು ಮಾಡಿದ್ರೋ ಅದನ್ನೇ ಮಾಡಿ.”

ಗಿರಿಜಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡು ಕೂತರು. ತಾಣ ತೆರೆಯಿತು. ಮೇಲುಗಡೆ ಗಣಪತಿಯ ಚಿತ್ರ, ಎರಡು ಕಡೆ ದೀಪ. ಅಷ್ಟರಲ್ಲಿ ಚಿತ್ರದ ಪಕ್ಕದಲ್ಲೇ ಒಂದು ಸಣ್ಣ ಪೆಟ್ಟಿಗೆ ಇಳಿದುಬಂತು. ಅದರಲ್ಲಿ ಪುಟ್ಟ ಗಂಟೆಯ ಗುರುತು, ಕೆಳಗೆ ಎರಡು ಬಟನ್, ಅನುಮತಿ ಕೊಡುವ ‘ಅಲೋ’ ಮತ್ತು ತಡೆಯುವ ‘ಬ್ಲಾಕ್’. ಗಿರಿಜಮ್ಮ ಒಂದು ಕ್ಷಣವೂ ತಡವರಿಸದೆ ಅಲೋ ಒತ್ತಿ, ಬಲಗೈಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು. “ಇವತ್ತು ರಾಹುಕಾಲ ಸಾಯಂಕಾಲ ನಾಲ್ಕೂವರೆಗೆ” ಎಂದು ನಮ್ಮ ಕಡೆ ತಿರುಗಿದರು.

“ಅತ್ತೆ, ಈಗೊಂದು ಒತ್ತಿದ್ರಲ್ಲ, ಅದೇನು?” ಎಂದಳು ಸವಿತಾ.

“ಗಂಟೆ ಕಣೇ. ದೇವರು ಕಂಡ ತಕ್ಷಣ ಗಂಟೆ ಬರತ್ತೆ. ದೇವಸ್ಥಾನಕ್ಕೆ ಹೋಗಿ ಗಂಟೆ ಹೊಡೀದೆ ಬರೋದುಂಟಾ? ಬ್ಲಾಕ್ ಅಂದ್ರೆ ನಿಲ್ಸೋದು ಅಂತ ನಂಗೊತ್ತಪ್ಪ. ಗಣಪತಿ ಗಂಟೆನ ನಿಲ್ಸೋಕಾಗತ್ತಾ? ಅದಕ್ಕೇ ಇನ್ನೊಂದನ್ನ ಒತ್ತೋದು. ಮೊದಲನೇ ಸಲ ಮೇಡಂ ಬಂದು ಎಲ್ಲಾ ಹೊಸದಾಗಿ ಹಾಕ್ಕೊಟ್ರಲ್ಲ, ಅದರ ಮಾರನೇ ದಿನಾನೂ ಬಂತು. ಅವತ್ತೂ ಹೊಡ್ದೆ.”

ಹತ್ತು ನಿಮಿಷವೂ ಕಾಯಬೇಕಾಗಲಿಲ್ಲ, ಮೂಲೆಯಿಂದ ಹುಡುಗಿ ಎದ್ದು ಬಂದಳು. ಅವಳ ಪಕ್ಕದ ಸಣ್ಣ ಅಕ್ಷರಗಳನ್ನು ಸವಿತಾಳಿಗೆ ತೋರಿಸಿ, ಗಟ್ಟಿಯಾಗಿ ಓದಿಸಿದೆ. ಅವಳು ಪಂಚಾಂಗದ ಹೆಸರು ಓದಿದಳು. ಓದುತ್ತಾ ಓದುತ್ತಾ ಅವಳ ಸ್ವರ ಇಳಿದುಹೋಯಿತು.

“ಮೇಷ್ಟ್ರು ಯಾವ ಸೈಟೂ ನೋಡಿಲ್ಲ” ಎಂದೆ. “ನಾನು ಹೇಳಿದ್ದು ತಪ್ಪು, ಬರೆದಿದ್ದು ತಪ್ಪು. ಗೊತ್ತಿಲ್ಲದೆ, ಗೊತ್ತಿದೆ ಅಂತ ಬರೆದೆ. ಗಿರಿಜಮ್ಮಂದೂ ಏನೂ ತಪ್ಪಿಲ್ಲ. ದೇವರ ಪಕ್ಕ ಗಂಟೆ ತಂದಿಟ್ರೆ ಯಾರು ತಾನೆ ಹೊಡಿಯಲ್ಲ? ನನ್ನನ್ನ ಕ್ಷಮಿಸಬೇಕು ಸಾರ್.”

ಗಿರಿಜಮ್ಮನಿಗೆ ಈಗ ಅರ್ಥವಾಯಿತು. ಎರಡೂ ಕೈ ಕೆನ್ನೆಗೆ ಹೋದವು. “ಅಯ್ಯೋ! ಅವಳನ್ನ ದಿನಾ ಮನೆಗೆ ಕರೆಸ್ತಿದ್ದವಳು ನಾನಾ? ಇಷ್ಟು ದಿನ ಇವರನ್ನ ಓರೆಗಣ್ಣಲ್ಲಿ ನೋಡ್ತಿದ್ನಲ್ರೀ!”

ಮೇಷ್ಟ್ರ ಭುಜ ಅಲುಗತೊಡಗಿತು. ಅಳುತ್ತಿದ್ದಾರೇನೋ ಅಂದುಕೊಂಡೆ. ನಗುತ್ತಿದ್ದರು. ನಗು ತಡೆಯಲಾರದೆ ಕನ್ನಡಕ ತೆಗೆದರು. “ಗಿರಿಜಾ, ಮದುವೆ ಆಗಿ ನಲವತ್ತು ವರ್ಷ ಆಯ್ತು. ನೀನೇ ಗಂಟೆ ಹೊಡೆದು ನನಗೆ ಹುಡುಗಿ ತೋರಿಸ್ತಿದ್ಯಾ?” ಮಂಜುನಾಥ ಬಿದ್ದು ಬಿದ್ದು ನಕ್ಕ. ಸವಿತಾ ಮಾತ್ರ ನಗಲಿಲ್ಲ.

“ಮಾವ, ನಾನು...” ಎಂದು ಶುರುಮಾಡಿದಳು. ಕಣ್ಣು ತುಂಬಿತ್ತು.

“ಅದೆಲ್ಲ ಆಮೇಲೆ ಇರ್ಲಮ್ಮ. ಮೊದ್ಲು ಪಾಸ್‌ವರ್ಡ್ ಹೇಳು. ಹತ್ತು ಹುಡುಗರಿಗೆ ಪ್ರಶ್ನೆಪತ್ರಿಕೆ ಮಾಡ್ಬೇಕು.”

“ನಿಮ್ಮ ಹೆಸರೇ ಮಾವ. ಅದನ್ನ ಹಾಕಿದ್ರೆ ನಿಮಗೆ ಹೊಳೆಯಲ್ಲ ಅನ್ಕೊಂಡೆ.”

“ಹೊಳೀಲಿಲ್ಲ ನೋಡು” ಎಂದರು ಮೇಷ್ಟ್ರು, ಮೆಲ್ಲಗೆ.

ನಾನು ಕೂತು ಮತ್ತೆ ಆ ಹೆಸರು ಅಳಿಸಿ, ಯಾವ ತಾಣವೂ ಇನ್ನು ಅನುಮತಿ ಕೇಳದ ಹಾಗೆ ಗುರುತು ಹಾಕಿದೆ. “ಹಾಗಾದ್ರೆ ನಾಳೆಯಿಂದ ಗಂಟೆ ಬರಲ್ವಾ?” ಎಂದು ಗಿರಿಜಮ್ಮ ಸಪ್ಪಗಾದರು. ಮಂಜುನಾಥ ಎದ್ದು ದೇವರ ಮನೆಯಿಂದ ಹಿತ್ತಾಳೆ ಗಂಟೆ ತಂದು ಕಂಪ್ಯೂಟರ್ ಪಕ್ಕ ಇಟ್ಟು, “ಇದನ್ನ ಹೊಡಿ ಅಮ್ಮ, ಯಾರೂ ಬರಲ್ಲ” ಎಂದ.

ನಾನು ಬ್ಯಾಗ್ ಎತ್ತಿಕೊಂಡೆ. “ಸ್ವಲ್ಪ ಇರಿ” ಎಂದು ಮೇಷ್ಟ್ರು ಒಳಗೆ ಹೋದರು. ಬರುವಾಗ ಕೈಯಲ್ಲಿ ಹತ್ತನೇ ಕ್ಲಾಸಿನ ಗಣಿತ ಪುಸ್ತಕ ಇತ್ತು. ಅದರೊಳಗಿನಿಂದ ಹಳದಿ ಚೀಟಿ ತೆಗೆದರು. ಮಡಿಕೆ ಬಿದ್ದ ಕಡೆ ಸವೆದು ಹೋಗಿತ್ತು. ಅದೆಷ್ಟು ಸಲ ಬಿಚ್ಚಿ ಓದಿದ್ದರೋ, ಪುಣ್ಯಾತ್ಮರು!

“ಇದನ್ನ ತಿದ್ದಿಕೊಡಿ” ಎಂದರು.

ಕಾರಣದ ಕಾಲಮಿನಲ್ಲಿದ್ದ ಸಾಲನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದೆ. ಜಾಗ ಸಾಲದೆ ಅಂಚಿನಲ್ಲಿ ಬರೆದೆ: ‘ಪಂಚಾಂಗದ ತಾಣಕ್ಕೆ ತಿಳಿಯದೆ ಕೊಟ್ಟ ಅನುಮತಿ. ಮನೆಯವರ ತಪ್ಪಿಲ್ಲ. ಹಿಂದೆ ಬರೆದದ್ದು ನನ್ನ ತಪ್ಪು.’ ಸಹಿ ಹಾಕಿ ಕೊಟ್ಟೆ.

ಮೇಷ್ಟ್ರು ಓದಿದರು. ಜೇಬಿನಿಂದ ಕೆಂಪು ಪೆನ್ನು ತೆಗೆದರು. ಹಳೆಯ ಸಾಲಿನ ಪಕ್ಕ ಒಂದು ದುಂಡು ಸೊನ್ನೆ ಸುತ್ತಿದರು. ಹೊಸ ಸಾಲಿನ ಕೆಳಗೆ ಹತ್ತಕ್ಕೆ ಏಳು ಎಂದು ಹಾಕಿ ಸಹಿ ಮಾಡಿದರು.

“ಮೂರು ಯಾಕೆ ಕಟ್ ಮಾಡಿದ್ರಿ ಸಾರ್?” ಎಂದೆ.

“ಯಾವಾಗ ಗೊತ್ತಾಯ್ತು ನಿಮಗೆ?”

“ಬುಧವಾರ.”

“ಇವತ್ತು ಭಾನುವಾರ” ಎಂದರು. “ಗುರುವಾರಕ್ಕೊಂದು, ಶುಕ್ರವಾರಕ್ಕೊಂದು, ಶನಿವಾರಕ್ಕೊಂದು.”

ಚೀಟಿಯನ್ನು ನನಗೇ ಕೊಟ್ಟುಬಿಟ್ಟರು. ಈಗಲೂ ನನ್ನ ಹತ್ತಿರ ಇದೆ. ಹೊಸದಾಗಿ ಸೇರಿರುವ ನಾಲ್ಕು ಜನರೂ ಯಾವಾಗಲಾದರೂ ಮನೆಗೆ ಬನ್ನಿ, ತೋರಿಸುತ್ತೇನೆ. ಅವತ್ತಿನಿಂದ ನಾನು ಕೆಲಸ ಬಿಡುವವರೆಗೆ, ಗೊತ್ತಿಲ್ಲದಿದ್ದರೆ ಆ ಕಾಲಂ ಖಾಲಿ ಬಿಟ್ಟೆ. ಮೂರ್ತಿ ಸಾರ್ ಕೂಗಾಡಿದರು. ಆಮೇಲೆ ಅಭ್ಯಾಸವಾಯಿತು.

ಹೊರಗೆ ಬಂದು ಸ್ಕೂಟರ್ ಹೊರಳಿಸುತ್ತಿದ್ದೆ. ಶೆಡ್ಡಿನಲ್ಲಿ ಏನೋ ಎಳೆದಾಡುವ ಸದ್ದು. ಗೋಡೆಗೆ ಮುಖ ಮಾಡಿದ್ದ ಕರಿಹಲಗೆಯನ್ನು ಅಪ್ಪ ಮಗ ಸೇರಿ ತಿರುಗಿಸಿ ನಿಲ್ಲಿಸುತ್ತಿದ್ದರು. ಮೇಷ್ಟ್ರು ಕಾಂಪೌಂಡಿನ ಮೇಲಿಂದ ಎದುರುಮನೆಯ ಟ್ಯೂಷನ್ ಹುಡುಗಿಯನ್ನು ಕೂಗಿದರು, ಬೀದಿಗೆಲ್ಲ ಕೇಳುವ ಹಾಗೆ.

“ಏ ಪವಿತ್ರಾ! ಎಲ್ಲರಿಗೂ ಹೇಳಮ್ಮ. ನಾಳೆ ಬೆಳಗ್ಗೆ ಆರೂವರೆಗೆ ಕ್ಲಾಸಿದೆ!”